ಪ್ರಾಂಪ್ಟಿನ ಬಾಲ

ನೆಟ್‌ವರ್ಕ್‌ಗಳನ್ನು ಬೆಸೆಯುವ ರೌಟರಿಗೆ ಪರದೆ ಇಲ್ಲ, ಕೀಲಿಮಣೆ ಇಲ್ಲ. ಹೊಸದಾದರೆ ಐಪಿ ವಿಳಾಸವೂ ಇರುವುದಿಲ್ಲ. ಹಾಗಾಗಿ ಮೊದಲ ಮಾತುಕತೆ, ಕಂಪ್ಯೂಟರಿನಿಂದ ನೇರ ಕೇಬಲ್ ಜೋಡಿಸುವ ಕನ್ಸೋಲ್ ಪೋರ್ಟಿನ ಮೂಲಕವೇ. ಸಿಸ್ಕೋ ಕಂಪನಿಯ ಸಾಧನಗಳಲ್ಲಿ ಈ ಸಂಪರ್ಕದ ವೇಗ ಸಾಮಾನ್ಯವಾಗಿ 9600 ಬಾಡ್ (ಸೆಕೆಂಡಿಗೆ 9600 ಬಿಟ್), 8 ಡೇಟಾ ಬಿಟ್, 1 ಸ್ಟಾಪ್ ಬಿಟ್. ಪ್ಯಾರಿಟಿ (ತಪ್ಪು ಪತ್ತೆಯ ಬಿಟ್), ಫ್ಲೋ ಕಂಟ್ರೋಲ್ (ಹರಿವಿನ ಹಿಡಿತ) ಎರಡೂ ಬೇಡ. ವೇಗ ಹೊಂದದಿದ್ದರೆ ಪರದೆಯ ತುಂಬ ಅಕ್ಷರದ ಕಸ. ಬರುವ ಅಕ್ಷರ ಸರಿಯಾಗಿದ್ದು ಟೈಪ್ ಮಾಡಿದ್ದು ಮಾತ್ರ ಹೋಗುತ್ತಿಲ್ಲವೆಂದರೆ ಫ್ಲೋ ಕಂಟ್ರೋಲಿನ ಮೇಲೆ ಅನುಮಾನ ಪಡಿ.

ಎಂಟರ್ ಒತ್ತಿದರೆ ಪ್ರಾಂಪ್ಟ್, ಅಂದರೆ ಕಮಾಂಡಿಗೆ ಕಾಯುವ ಸಾಲು, ಬರುತ್ತದೆ: ಸಾಧನದ ಹೆಸರು, ಅದರ ಬಾಲಕ್ಕೊಂದು > ಚಿಹ್ನೆ. ಇದು ಯೂಸರ್ ಮೋಡ್: ಅಂಗಳದಲ್ಲಿ ನಿಂತು ಕಿಟಕಿಯಲ್ಲಿ ಇಣುಕಿದ ಹಾಗೆ. ‘ಎನೇಬಲ್’ ಎಂದು ಪಾಸ್‌ವರ್ಡ್ ಕೊಟ್ಟರೆ > ಹೋಗಿ # ಬರುತ್ತದೆ. ಸೆಟ್ಟಿಂಗ್ ಬದಲಿಸಲು ‘ಕಾನ್ಫಿಗರ್ ಟರ್ಮಿನಲ್’ ಎಂದರೆ ಹೆಸರಿಗೂ # ಚಿಹ್ನೆಗೂ ನಡುವೆ ‘ಕಾನ್ಫಿಗ್’ ಸೇರಿಕೊಳ್ಳುತ್ತದೆ. ಕಮಾಂಡ್ ಓಡುತ್ತಿಲ್ಲ ಎಂಬ ಎಷ್ಟೋ ದೂರುಗಳಿಗೆ ಉತ್ತರ ಈ ಬಾಲದಲ್ಲೇ ಇರುತ್ತದೆ, ನೋಡುವವರು ಕಡಿಮೆ. ಕಾನ್ಫಿಗ್ ಮೋಡಿನಲ್ಲಿ ನಿಂತು ದಾರಿಗಳ ಪಟ್ಟಿಗಾಗಿ ‘ಶೋ ಐಪಿ ರೂಟ್’ ಕೇಳಿದರೆ ಸಿಸ್ಕೋದ ತಂತ್ರಾಂಶ ಐಒಎಸ್ ತಪ್ಪೆನ್ನುತ್ತದೆ. ಮೊದಲಿಗೆ ‘ಡು’ ಸೇರಿಸಿ ಕೇಳಿದರೆ ಮರುಮಾತಿಲ್ಲದೆ ತೋರಿಸುತ್ತದೆ. ಇಷ್ಟು ಬಿಗುಮಾನ ಬೇಕಿತ್ತೇ?

ಸಂದೇಹ ಬಂದಾಗ ? ಒತ್ತಬಹುದು, ಆದರೆ ಅದರ ಹಿಂದಿನ ಖಾಲಿ ಜಾಗಕ್ಕೂ ಬೆಲೆಯಿದೆ. ಅಂಟಿಸಿ ಬರೆದರೆ ಆ ಅಕ್ಷರಗಳಿಂದ ಶುರುವಾಗುವ ಪದಗಳು, ಜಾಗ ಬಿಟ್ಟರೆ ಮುಂದೆ ಬರಬಹುದಾದ ಪದಗಳು. ಇನ್ನು # ಮುಂದೆ ಕಾಗುಣಿತ ತಪ್ಪಿದ ಪದವೊಂದನ್ನು ಹೊಡೆದರೆ, ಅದು ಯಾವುದೋ ಯಂತ್ರದ ಹೆಸರಿರಬೇಕೆಂದು ರೌಟರ್ ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ಹುಡುಕಲು ಹೊರಡುತ್ತದೆ. ಕಂಟ್ರೋಲ್, ಶಿಫ್ಟ್, 6 ಒಟ್ಟಿಗೆ ಒತ್ತಿ ವಾಪಸ್ ಕರೆಯಬೇಕು. ‘ನೋ ಐಪಿ ಡೊಮೈನ್ ಲುಕಪ್’ ಎಂದು ಮೊದಲೇ ಬರೆದಿಟ್ಟರೆ ಈ ಕಾಟವಿಲ್ಲ.

ತಪ್ಪಿದಾಗ ಇಷ್ಟೆಲ್ಲ ಗದ್ದಲ ಮಾಡುವ ಯಂತ್ರ ಕಮಾಂಡಿನ ವ್ಯಾಕರಣ ಸರಿಯಿದ್ದರೆ ಬಾಯಿ ಬಿಡುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಒಂದೇ ನೆಟ್‌ವರ್ಕನ್ನು ಒಳಗೊಳಗೇ ಬೇರ್ಪಡಿಸಿದ ಪಾಲುಗಳಿಗೆ ವಿಎಲ್ಯಾನ್ ಎನ್ನುತ್ತಾರೆ, ಹಲವು ವಿಎಲ್ಯಾನ್‌ಗಳನ್ನು ಹೊರುವ ಸ್ವಿಚ್ಚಿನ ಪೋರ್ಟಿಗೆ ಟ್ರಂಕ್. ಟ್ರಂಕ್ ಪೋರ್ಟಿನಲ್ಲಿ ವಿಎಲ್ಯಾನ್ 10 ಮತ್ತು 20 ಓಡಾಡುತ್ತಿವೆ, 30 ಸೇರಬೇಕು ಎನ್ನಿ. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಎಲ್ಯಾನ್ ಆಡ್ 30’ ಎನ್ನಬೇಕಾದಲ್ಲಿ ‘ಆಡ್’ ಬಿಟ್ಟುಹೋದರೆ ಹಳೆಯ ಪಟ್ಟಿ ಅಳಿದು 30 ಒಂದೇ ಉಳಿಯುತ್ತದೆ. ಎಚ್ಚರಿಕೆ ಇಲ್ಲ, ‘ಖಚಿತವೇ’ ಎಂಬ ಪ್ರಶ್ನೆ ಇಲ್ಲ. ನೀವು ದೂರದಿಂದ ಎಸ್‌ಎಸ್‌ಎಚ್‌ ಲಾಗಿನ್‌ನಲ್ಲಿ ಬಂದದ್ದು ವಿಎಲ್ಯಾನ್ 10ರ ದಾರಿಯಲ್ಲಾಗಿದ್ದರೆ ನಿಮ್ಮ ಸೆಷನ್ನೂ ಅಲ್ಲಿಗೆ ಮುಗಿಯಿತು.

ಐಒಎಸ್‌ನಲ್ಲಿ ಎಂಟರ್ ಒತ್ತಿದ ಕ್ಷಣವೇ ಬದಲಾವಣೆ ಜಾರಿ. ಆದರೆ ಅದು ಇರುವುದು ರ‍್ಯಾಮ್‌ನಲ್ಲಿ, ರನ್ನಿಂಗ್ ಕಾನ್ಫಿಗ್ ಎಂಬ ಹೆಸರಿನಲ್ಲಿ. ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಎನ್ನುವವರೆಗೆ ರೀಬೂಟ್ ಆದರೆ ಎಲ್ಲ ಮಾಯ. ಬಹಳ ಜನ ಇದನ್ನು ಬೈಯುತ್ತಾರೆ. ದೂರದಿಂದ ಕೆಲಸ ಮಾಡುವವರಿಗೆ ಇದೇ ಆಸರೆ. ಕೆಲಸಕ್ಕೆ ಕೈಹಾಕುವ ಮೊದಲು ‘ರೀಲೋಡ್ ಇನ್ 10’ ಕೊಟ್ಟಿಟ್ಟರೆ, ಮಧ್ಯೆ ಸಂಪರ್ಕ ಕಡಿದರೂ ಹತ್ತು ನಿಮಿಷಕ್ಕೆ ಯಂತ್ರ ತಾನೇ ರೀಬೂಟ್ ಆಗಿ ಹಳೆಯ ಕಾನ್ಫಿಗ್‌ನೊಂದಿಗೆ ಏಳುತ್ತದೆ. ನಡುವೆ ಸೇವ್ ಮಾಡಿದ್ದರೆ ಮಾತ್ರ ಏಳುವುದು ಅದೇ ತಪ್ಪಿನೊಂದಿಗೆ.

ಇನ್ನೊಂದು ಕಂಪನಿ ಜುನಿಪರ್‌ನ ತಂತ್ರಾಂಶ ಜುನೋಸ್ ಈ ವಿಷಯದಲ್ಲಿ ಹೆಚ್ಚು ಸಭ್ಯ: ಬರೆದದ್ದು ‘ಕಮಿಟ್’ ಎನ್ನುವವರೆಗೂ ಕರಡು. ‘ಕಮಿಟ್ ಕನ್ಫರ್ಮ್ಡ್’ ಎಂದರೆ 10 ನಿಮಿಷದೊಳಗೆ ಇನ್ನೊಮ್ಮೆ ಕಮಿಟ್ ಮಾಡದಿದ್ದಾಗ ಹಳೆಯದಕ್ಕೆ ತಾನೇ ಮರಳುತ್ತದೆ, ರೀಬೂಟ್ ಕೂಡ ಬೇಕಿಲ್ಲ. ಐಒಎಸ್‌ನಲ್ಲಾದರೆ ಕೆಲಸ ಸುಸೂತ್ರವಾಯಿತೆಂಬ ಖುಷಿಯಲ್ಲಿ ‘ರೀಲೋಡ್ ಕ್ಯಾನ್ಸಲ್’ ಮರೆತವರ ರೌಟರ್, ಎಲ್ಲ ಸರಿಯಿದ್ದೂ, ಹತ್ತನೇ ನಿಮಿಷಕ್ಕೆ ಸರಿಯಾಗಿ ಮಲಗುತ್ತದೆ.