ಚೀಟಿಯಲ್ಲಿ ಬರೆಯದೆ ಬಿಟ್ಟ ತಾರೀಖು

ಅರ್ಧ ಮಿಲಿಗ್ರಾಂ ಎಂದರೆ ಎಷ್ಟು ಎಂದು ಯಾರಾದರೂ ಕೇಳಿದರೆ, ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವ ನಾನು, ಒಂದು ಗ್ರಾಮಿನ ಎರಡು ಸಾವಿರದಲ್ಲಿ ಒಂದು ಭಾಗ ಎಂದು ತಡವರಿಸದೆ ಹೇಳಿಬಿಡುತ್ತೇನೆ. ರಾತ್ರಿ ನುಂಗುತ್ತಿದ್ದ ಮಾತ್ರೆಯ ಆ ಒಂದು ಭಾಗವನ್ನು ಬಿಡುವುದಕ್ಕೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಬಿಟ್ಟ ಮೇಲೆ ಮೈ ಮತ್ತು ತಲೆ ಮೊದಲಿನ ಹದಕ್ಕೆ ಬರಲು ಮತ್ತೂ ಒಂದೂವರೆ ವರ್ಷ ಬೇಕಾಯಿತು.

2012ರ ಕೊನೆಯಲ್ಲಿ ನನ್ನ ತಮ್ಮ ರಸ್ತೆ ಅಪಘಾತದಲ್ಲಿ ತೀರಿಕೊಂಡ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ, ರಾತ್ರಿ ಎರಡು ಗಂಟೆಗೆ ಎದೆ ಡವಡವ ಹೊಡೆದುಕೊಂಡು, ಇನ್ನೇನು ಪ್ರಾಣ ಹೋಯಿತು ಎನ್ನುವಂತಾಗಿ ಎದ್ದು ಕೂರುವುದು ಶುರುವಾಯಿತು. ಇಸಿಜಿಯಲ್ಲಿ ಏನೂ ಇರಲಿಲ್ಲ. ವೈದ್ಯರು ಬೆಳಿಗ್ಗೆಗೆ ಒಂದು ಖಿನ್ನತೆಯ ಮಾತ್ರೆಯನ್ನೂ, ರಾತ್ರಿಗೆ ಅರ್ಧ ಮಿಲಿಗ್ರಾಮಿನ ಕ್ಲೋನಾಜೆಪಾಮ್ ಎಂಬ ಆತಂಕ ತಗ್ಗಿಸುವ ಮಾತ್ರೆಯನ್ನೂ ಬರೆದುಕೊಟ್ಟು, ‘ಒಂದು ತಿಂಗಳು ತಗೊಳ್ಳಿ, ಆಮೇಲೆ ನೋಡೋಣ’ ಎಂದರು. ಮೊದಲ ರಾತ್ರಿಯೇ ನಿದ್ದೆ ಬಂತು. ಆ ಉಪಕಾರವನ್ನು ನಾನು ಇವತ್ತಿಗೂ ಮರೆತಿಲ್ಲ, ಮಾತ್ರೆಯನ್ನು ಬೈಯುವುದಕ್ಕಾಗಿ ಇದನ್ನು ಬರೆಯುತ್ತಲೂ ಇಲ್ಲ. ಆದರೆ ಆ ‘ಆಮೇಲೆ ನೋಡೋಣ’ ಎಂಬ ಮಾತು ಒಂಬತ್ತು ವರ್ಷ ಎಳೆಯಿತು. ಚೀಟಿ ನಾಲ್ಕು ಮಡಿಕೆಯಲ್ಲಿ ಹರಿದು, ಹಿಂದೆ ಸೆಲ್ಲೋಟೇಪು ಹಚ್ಚಿಸಿಕೊಂಡು, ಕೊನೆಗೆ ಜೆರಾಕ್ಸ್ ಪ್ರತಿಯಾಯಿತು. ಆಮೇಲಾಮೇಲೆ ಅದನ್ನೂ ತೋರಿಸಬೇಕಾಗಿರಲಿಲ್ಲ, ಮೆಡಿಕಲ್ ಸ್ಟೋರಿನ ಹುಡುಗ ನನ್ನ ಮುಖ ಕಂಡ ಕೂಡಲೇ ಎರಡು ಸ್ಟ್ರಿಪ್ ತೆಗೆದು ಮುಂದಿಡುತ್ತಿದ್ದ.

ಕಾನೂನು ಇಲ್ಲವೆಂದಲ್ಲ. ಕ್ಲೋನಾಜೆಪಾಮ್ ಗುಂಪಿನವೇ ಆದ ಆಲ್ಪ್ರಜೋಲಾಮ್, ಡಯಾಜೆಪಾಮ್‌ನಂಥ ಮಾತ್ರೆಗಳು 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್1 ಎಂಬ ಅನುಸೂಚಿಯಲ್ಲಿವೆ. ಅಂಗಡಿಯವರು ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು, ಮಾತ್ರೆಯ ಹೆಸರು, ಪ್ರಮಾಣ ಎಲ್ಲವನ್ನೂ ಬೇರೆಯೇ ಒಂದು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಎಲ್ಲಿ ಎಷ್ಟು ಮಾತ್ರೆ ಹೋಯಿತೆಂದು ಆ ರಿಜಿಸ್ಟರು ಲೆಕ್ಕ ಇಡುತ್ತದೆಯೇ ಹೊರತು, ಅದನ್ನು ನುಂಗುತ್ತಿರುವ ಮನುಷ್ಯ ಯಾವತ್ತು ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಕಾಲಮ್ಮಿಲ್ಲ.

2021ರ ಹೊತ್ತಿಗೆ ನನ್ನ ನೆನಪು ಕೈಕೊಡತೊಡಗಿತ್ತು. ನೂರಾರು ಸಲ ಹೇಳಿದ ಪೈಥಾಗೊರಸನ ಪ್ರಮೇಯದ ಸಾಧನೆಯ ನಡುವೆ, ಮುಂದಿನ ಸಾಲು ಹೊಳೆಯದೆ ನಿಂತುಬಿಟ್ಟಿದ್ದೆ. ಬೇರೊಬ್ಬ ವೈದ್ಯರ ಹತ್ತಿರ ಹೋದಾಗ ಅವರು ನಕ್ಕು, ‘ಅರ್ಧ ಎಂಜಿ ತಾನೇ ಮೇಷ್ಟ್ರೇ? ಅದೇನು ಡೋಸೇ ಅಲ್ಲ. ಎರಡು ವಾರ ದಿನ ಬಿಟ್ಟು ದಿನ ತಗೊಂಡು ನಿಲ್ಲಿಸಿಬಿಡಿ’ ಎಂದರು. ನಾನು ಹಾಗೆಯೇ ಮಾಡಿದೆ.

ನಿಲ್ಲಿಸಿದ ನಾಲ್ಕನೆಯ ರಾತ್ರಿ ನಿದ್ದೆ ಹೋಯಿತು, ಎರಡನೆಯ ವಾರದಲ್ಲಿ ಉಳಿದದ್ದೆಲ್ಲ ಒಟ್ಟಿಗೆ ಬಂತು. ಹಸಿಮೆಣಸಿನಕಾಯಿ ಹೆಚ್ಚಿದ ಕೈಯನ್ನು ತೊಳೆಯದೆ ಮೈಗೆಲ್ಲ ಸವರಿಕೊಂಡಂತೆ ತೋಳು ಬೆನ್ನು ಉರಿಯುತ್ತಿದ್ದವು. ಮೀನಖಂಡದ ಸ್ನಾಯುಗಳು ಚರ್ಮದ ಕೆಳಗೆ ತಮ್ಮಷ್ಟಕ್ಕೆ ತಾವೇ ಅದುರುತ್ತಿದ್ದವು. ಎಡಗಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ. ಅಡುಗೆಮನೆಯಲ್ಲಿ ಕುಕ್ಕರು ಕೂಗಿದರೆ ನಾನು ಹಿತ್ತಲಿಗೆ ಓಡಿಹೋಗಿ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಕೋಣೆಯ ನೆಲ ತೆಪ್ಪದ ಹಾಗೆ ಮೆಲ್ಲಗೆ ಏಳುತ್ತ ಇಳಿಯುತ್ತಿತ್ತು. ಎಲ್ಲಕ್ಕಿಂತ ಹೆದರಿಸಿದ್ದು, ಬಚ್ಚಲಮನೆಯ ಕನ್ನಡಿಯಲ್ಲಿ ಕಾಣುತ್ತಿರುವವನು ನಾನೇ ಎಂದು ಗೊತ್ತಿದ್ದರೂ ನನಗೆ ಹಾಗೆ ಅನ್ನಿಸುತ್ತಿರಲಿಲ್ಲ. ಶಾಲೆ ಮುಚ್ಚಿ ಪಾಠವೆಲ್ಲ ಮೊಬೈಲಿನಲ್ಲೇ ನಡೆಯುತ್ತಿದ್ದ ಕಾಲವಾದ್ದರಿಂದ, ಕ್ಯಾಮೆರಾ ಆಫ್ ಮಾಡಿ ನೆಲದ ಮೇಲೆ ಮಲಗಿಕೊಂಡೇ ಬೀಜಗಣಿತ ಹೇಳಿಕೊಟ್ಟ ದಿನಗಳಿವೆ.

ಮತ್ತೆ ಅದೇ ವೈದ್ಯರಲ್ಲಿಗೆ ಹೋದರೆ, ‘ನೋಡಿದ್ರಾ, ಹಳೇ ಕಾಯಿಲೆ ತಿರುಗಿ ಬಂತು’ ಎಂಬ ತೀರ್ಮಾನ ಬಂತು. ನನ್ನ ನಿಜವಾದ ತಕರಾರು ಇರುವುದು ಈ ತೀರ್ಮಾನದ ಮೇಲೆ. 2012ರಲ್ಲಿ ನನಗಿದ್ದದ್ದು ಭಯ ಮತ್ತು ಎದೆಬಡಿತ. ಆಗ ಚರ್ಮ ಉರಿದಿರಲಿಲ್ಲ, ಕಿವಿ ಕೂಗಿರಲಿಲ್ಲ, ನೆಲ ಅಲುಗಿರಲಿಲ್ಲ. ಹಿಂದೆಂದೂ ಇಲ್ಲದ ಲಕ್ಷಣಗಳು, ಮಾತ್ರೆ ನಿಂತ ಕೆಲವೇ ದಿನಗಳಲ್ಲಿ ಸಾಲಾಗಿ ಬಂದು ನಿಂತರೆ, ಅದನ್ನು ಹಳೆಯ ಕಾಯಿಲೆ ಎಂದು ಕರೆಯುವುದು ತರ್ಕಕ್ಕೆ ಒಗ್ಗುವ ಮಾತಲ್ಲ. ಮನೆಯವರು, ಸಹೋದ್ಯೋಗಿಗಳು ಎಲ್ಲರದ್ದೂ ಒಂದೇ ಮಾತು: ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಅಮ್ಮ ಮಾತ್ರ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ‘ಮಗಾ, ಇದು ನಿನ್ನ ತಪ್ಪಲ್ಲ, ಯಾರದೋ ಕಣ್ಣು’ ಎಂದಳು. ಕಾರಣ ತಪ್ಪಾಗಿದ್ದರೂ ‘ನಿನ್ನ ತಪ್ಪಲ್ಲ’ ಎಂದವಳು ಅವಳೊಬ್ಬಳೇ.

ತಲೆಯೊಳಗೆ ನಡೆಯುವುದನ್ನು ನನ್ನ ವೃತ್ತಿಯ ಭಾಷೆಯಲ್ಲೇ ಹೇಳುತ್ತೇನೆ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳಿಗೆ ‘ಸುಮ್ಮನಿರಿ’ ಎಂದು ಹೇಳುವ ಮೇಷ್ಟ್ರ ಕೆಲಸ ಅದರದ್ದು. ಕ್ಲೋನಾಜೆಪಾಮ್ ಸೇರಿರುವ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆಗಳು ಹೊಸ ಮೇಷ್ಟ್ರನ್ನು ತರುವುದಿಲ್ಲ, ಇರುವ ಮೇಷ್ಟ್ರ ಕೈಗೆ ಮೈಕು ಕೊಡುತ್ತವೆ. ತರಗತಿ ತಕ್ಷಣ ಶಾಂತವಾಗುತ್ತದೆ. ಆದರೆ ವರ್ಷಗಟ್ಟಲೆ ಮೈಕಿನಲ್ಲೇ ಕೇಳಿದ ಮಕ್ಕಳ ಕಿವಿ ಮಂದವಾಗುತ್ತದೆ, ಎಂದರೆ ಗಾಬಾ ಬಂದು ಕೂರುವ ಗ್ರಾಹಕಗಳು ಅದಕ್ಕೆ ಮೊದಲಿನಂತೆ ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ. ಆಗ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮೈಕು ಕಿತ್ತುಕೊಂಡರೆ ಮೇಷ್ಟ್ರು ಅದೇ ದನಿಯಲ್ಲಿ ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ, ಇಡೀ ತರಗತಿ ಎದ್ದು ಕುಣಿಯುತ್ತದೆ. ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿರುವುದೂ ಇದೇ ಕಾರಣಕ್ಕೆ. ಆದ್ದರಿಂದ ಇದನ್ನು ಓದಿ ಯಾರೂ ನಾಳೆಯೇ ಮಾತ್ರೆ ಎಸೆಯಬೇಡಿ.

ಇದೇನು ಹೊಸ ಸಂಗತಿಯಲ್ಲ ಎಂಬುದೇ ನನಗೆ ಸಿಟ್ಟು ತರಿಸುವುದು. ಲಿಯೋ ಸ್ಟರ್ನ್‌ಬಾಕ್ ಕಂಡುಹಿಡಿದ ಈ ಗುಂಪಿನ ಮೊದಲ ಮಾತ್ರೆ ಕ್ಲೋರ್ಡಯಜೆಪಾಕ್ಸೈಡ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ದೊಡ್ಡ ಪ್ರಮಾಣದಲ್ಲಿ ಅದನ್ನು ತೆಗೆದುಕೊಳ್ಳುತ್ತಿದ್ದವರಲ್ಲಿ ಥಟ್ಟನೆ ನಿಲ್ಲಿಸಿದಾಗ ಫಿಟ್ಸ್ ಸೇರಿದಂತೆ ತೊಂದರೆಗಳಾದದ್ದನ್ನು ಹಾಲಿಸ್ಟರ್ ಎಂಬ ಅಮೆರಿಕದ ವೈದ್ಯರು 1961ರಲ್ಲೇ ದಾಖಲಿಸಿದರು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಇವನ್ನು ಎರಡರಿಂದ ನಾಲ್ಕು ವಾರ ಮಾತ್ರ ಕೊಡಬೇಕೆಂದು ವೈದ್ಯರಿಗೆ ತಿಳಿಸಿತು. ನನ್ನ ಚೀಟಿ ಅದಾಗಿ ಇಪ್ಪತ್ತನಾಲ್ಕು ವರ್ಷದ ನಂತರದ್ದು.

ನನ್ನನ್ನು ಉಳಿಸಿದ್ದು ತುಮಕೂರಿನ ಒಬ್ಬ ಮನೋವೈದ್ಯೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೆದರ್ ಆಶ್ಟನ್ ಎಂಬ ಪ್ರಾಧ್ಯಾಪಕಿ 1982ರಿಂದ 1994ರವರೆಗೆ ಈ ಮಾತ್ರೆ ಬಿಡುವವರಿಗೆಂದೇ ಒಂದು ಕ್ಲಿನಿಕ್ ನಡೆಸಿ, ರೋಗಿಗಳು ಹೇಳಿದ್ದನ್ನು ಕೇಳಿ ಕೇಳಿಯೇ ಬಿಡುವ ಕ್ರಮವನ್ನು ಕಂಡುಕೊಂಡು, 1999ರಲ್ಲಿ ಅದನ್ನೊಂದು ಕೈಪಿಡಿಯಾಗಿ ಬರೆದರು. ಅವರ ಕೋಷ್ಟಕದ ಪ್ರಕಾರ ‘ಡೋಸೇ ಅಲ್ಲ’ ಎನ್ನಿಸಿಕೊಂಡ ನನ್ನ ಅರ್ಧ ಮಿಲಿಗ್ರಾಂ ಕ್ಲೋನಾಜೆಪಾಮ್, ಹತ್ತು ಮಿಲಿಗ್ರಾಂ ಡಯಾಜೆಪಾಮ್‌ಗೆ ಸಮ. ನಮ್ಮ ಅಪ್ಪನ ಕಾಲದವರ ಬಾಯಲ್ಲಿ ಹೇಳಬೇಕೆಂದರೆ ಐದು ಎಂಜಿಯ ಎರಡು ಕಾಂಪೋಸ್, ದಿನಾ, ಒಂಬತ್ತು ವರ್ಷ. ಡಾಕ್ಟರಮ್ಮ ಇದನ್ನು ತೋರಿಸಿ, ಮೊದಲು ಹಳೆಯ ಪ್ರಮಾಣಕ್ಕೇ ನನ್ನನ್ನು ಮರಳಿಸಿ, ಕೆಲವು ವಾರ ನೆಲೆಗೊಳ್ಳಲು ಬಿಟ್ಟು, ಆಮೇಲೆ ಮೂರು ವಾರಕ್ಕೊಮ್ಮೆ, ಉಳಿದಿರುವುದರಲ್ಲಿ ಶೇಕಡ ಹತ್ತರಂತೆ ಇಳಿಸೋಣ ಎಂದರು. 2025ರಲ್ಲಿ ಅಮೆರಿಕದ ವ್ಯಸನ ಚಿಕಿತ್ಸಾ ವೈದ್ಯರ ಸಂಘ ಇತರ ಸಂಘಗಳೊಡನೆ ಹೊರತಂದ ಮಾರ್ಗಸೂಚಿಯೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡ ಐದರಿಂದ ಹತ್ತು ಎಂದೇ ಹೇಳುತ್ತದೆ.

ಕಾಲು ಎಂಜಿಗಿಂತ ಸಣ್ಣ ಮಾತ್ರೆ ನಮ್ಮ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಬ್ಲೇಡಿನಲ್ಲಿ ಕೊಯ್ದರೆ ಚೂರುಗಳು ಸಮ ಬರುವುದಿಲ್ಲ. ಡಾಕ್ಟರಮ್ಮನಿಗೆ ಹೇಳಿಯೇ, ನಮ್ಮ ಬೀದಿಯ ಅಕ್ಕಸಾಲಿಗರ ಹತ್ತಿರ ಹೋದೆ. ‘ಏನ್ ಮೇಷ್ಟ್ರೇ, ಗುಳಿಗೆ ತೂಗ್ಸೋಕೆ ಬಂದಿದೀರಾ?’ ಎಂದು ನಗುತ್ತಲೇ ಆಚಾರ್ರು ಫ್ಯಾನು ಆಫ್ ಮಾಡಿಸಿ, ಚಿಮುಟದಿಂದ ಮಾತ್ರೆಯನ್ನು ಗಾಜಿನ ಬಾಗಿಲಿನ ತಕ್ಕಡಿಯ ತಟ್ಟೆಗೆ ಇಟ್ಟರು. ನೂರಿಪ್ಪತ್ತು ಮಿಲಿಗ್ರಾಂ. ‘ಒಂದು ಗುಲಗಂಜಿ’ ಎಂದರು. ಅದರಲ್ಲಿ ಔಷಧ ಅರ್ಧ ಮಿಲಿಗ್ರಾಂ ಮಾತ್ರ, ಮಿಕ್ಕಿದ್ದು ಹಿಟ್ಟು. ಹನ್ನೆರಡು ಮಿಲಿಗ್ರಾಂ ಕೆರೆದು ತೆಗೆದರೆ ನೂರೆಂಟು ಉಳಿಯಿತು, ಅದು ಮೊದಲ ಮೂರು ವಾರದ ಲೆಕ್ಕ, ಎರಡನೆಯದು ತೊಂಬತ್ತೇಳು. ಹದಿನೈದು ದಿನಕ್ಕೊಮ್ಮೆ ಭಾನುವಾರ ಹೋಗಿ, ಅವರ ಅರವನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು ಮಾತ್ರೆ ಉಜ್ಜಿ, ಒಂದೊಂದನ್ನೂ ಮೂಗುತಿ ಕಟ್ಟುವ ಗುಲಾಬಿ ಕಾಗದದಲ್ಲಿ ಮಡಿಸಿ ತರುತ್ತಿದ್ದೆ. ಇಪ್ಪತ್ತು ಮೆಟ್ಟಿಲು ಇಳಿಯುವ ಹೊತ್ತಿಗೆ ಅರವತ್ತು ವಾರ ಕಳೆದು, ಪೊಟ್ಟಣದಲ್ಲಿ ಹದಿನಾಲ್ಕೂವರೆ ಮಿಲಿಗ್ರಾಮಿನ ಒಂದು ಚೂರು ಉಳಿದಿತ್ತು. ಶೇಕಡ ಹತ್ತರಂತೆ ಕಳೆಯುತ್ತ ಹೋದರೆ ಸೊನ್ನೆ ಎಂದಿಗೂ ಬರುವುದಿಲ್ಲ ಎಂದು ಗುಣೋತ್ತರ ಶ್ರೇಢಿ ಓದಿದ ಯಾರಿಗಾದರೂ ಗೊತ್ತು. ಕೊನೆಯಲ್ಲಿ ಎಲ್ಲೋ ಒಂದು ಕಡೆ ಧುಮುಕಲೇಬೇಕು. 2022ರ ನವೆಂಬರಿನಲ್ಲಿ ಧುಮುಕಿದೆ. ಆಚಾರ್ರು ಒಂದು ದಿನಕ್ಕೂ ದುಡ್ಡು ಮುಟ್ಟಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಬಹಳ ಮಂದಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಎಷ್ಟೋ ಜನರಿಗೆ ಏನೂ ಆಗುವುದೇ ಇಲ್ಲ. ದೀರ್ಘಕಾಲ ತೆಗೆದುಕೊಂಡವರಲ್ಲಿ ನೂರಕ್ಕೆ ಹತ್ತು ಹದಿನೈದು ಜನರಿಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಲಕ್ಷಣಗಳು ಎಳೆಯಬಹುದು ಎಂಬುದು ಆಶ್ಟನ್ ಅವರ ಅಂದಾಜು, ನಾನು ಆ ಹತ್ತು ಹದಿನೈದರಲ್ಲಿ ಒಬ್ಬ. ಈ ಚೇತರಿಕೆಯ ವಿಚಿತ್ರವೆಂದರೆ ಅದು ಗೀಟು ಎಳೆದಂತೆ ಏರುವುದಿಲ್ಲ. ಹತ್ತು ದಿನ ಎಲ್ಲ ಸರಿಯಿದ್ದು, ಹನ್ನೊಂದನೆಯ ದಿನ ಕಾರಣವೇ ಇಲ್ಲದೆ ಉರಿ, ಕಿವಿಯ ಕೂಗು, ಭಯ ಎಲ್ಲ ಮೊದಲಿನಷ್ಟೇ ಜೋರಾಗಿ ಬರುತ್ತವೆ, ‘ಇಷ್ಟು ದಿನ ಪಟ್ಟ ಕಷ್ಟವೆಲ್ಲ ನೀರುಪಾಲಾಯಿತು’ ಎಂದು ಮನುಷ್ಯ ಕುಸಿಯುವುದು ಆವತ್ತೇ. ನನ್ನ ಹೆಂಡತಿ ತೀರ್ಥಹಳ್ಳಿ ಕಡೆಯವಳು. ಆಷಾಢದ ಜಡಿಮಳೆಯ ನಡುವೆ ಅರ್ಧ ಗಂಟೆ ಬಿಡುವು ಸಿಕ್ಕರೆ ಅವರು ‘ಹೊಳವಾಯಿತು’ ಎನ್ನುತ್ತಾರೆ. ಅವಳೇ ಕ್ಯಾಲೆಂಡರಿನ ಮೇಲೆ ಪ್ರತಿದಿನ ಒಂದಕ್ಷರ ಬರೆಯತೊಡಗಿದಳು, ಕಷ್ಟದ ದಿನಕ್ಕೆ ‘ಮ’, ಹೊಳವಾದ ದಿನಕ್ಕೆ ‘ಹೊ’. ಎಲ್ಲ ಮುಗಿಯಿತೆಂದು ನಾನು ಅತ್ತ ಒಂದು ಸಂಜೆ ಅವಳು ಜನವರಿಯ ಹಾಳೆಯನ್ನೂ ಜೂನ್ ಹಾಳೆಯನ್ನೂ ಪಕ್ಕಪಕ್ಕ ಇಟ್ಟು, ‘ಎಣಿಸಿ ನೋಡಿ ಅಂದ್ರೆ, ಲೆಕ್ಕದ ಮೇಷ್ಟ್ರು ನೀವೇ ಅಲ್ವೇನ್ರೀ’ ಎಂದಳು. ಜನವರಿಯಲ್ಲಿ ‘ಹೊ’ ನಾಲ್ಕಿದ್ದವು, ಜೂನ್‌ನಲ್ಲಿ ಹದಿಮೂರು.

ಏನು ಸಹಾಯ ಮಾಡಿತು ಎಂದು ಕೇಳುವವರಿಗೆ ಹೇಳಲು ನನ್ನಲ್ಲಿ ದೊಡ್ಡ ಮದ್ದೇನೂ ಇಲ್ಲ. ನಿದ್ದೆ ಬಂದಿರಲಿ ಬಿಡಲಿ ಐದೂವರೆಗೆ ಏಳುವುದು, ತೋಟದ ದಾರಿಯಲ್ಲಿ ನಡೆಯುವುದು, ಕಾಫಿ ಬಿಡುವುದು. ಕೊನೆಯದು ಮಾತ್ರೆ ಬಿಟ್ಟದ್ದಕ್ಕಿಂತ ಕಷ್ಟ ಎಂದರೆ ಕೆಲವರಾದರೂ ಒಪ್ಪಿಯಾರು. ‘ನಿದ್ದೆಗೆ ಒಂದು ಪೆಗ್ ಹಾಕಿ ಸಾರ್’ ಎಂದ ಸ್ನೇಹಿತನ ಮಾತು ಕೇಳದೇ ಇದ್ದದ್ದು ಪುಣ್ಯ, ಏಕೆಂದರೆ ಹೆಂಡವೂ ಅದೇ ಗಾಬಾ ಗ್ರಾಹಕಗಳ ಮೇಲೇ ಕೆಲಸ ಮಾಡುತ್ತದೆ. ಯೂಟ್ಯೂಬಿನಲ್ಲಿ ನರಶುದ್ಧಿಯ ಪುಡಿ ಮಾರುವವರ ಬಗ್ಗೆ ಬರೆದರೆ ಭಾಷೆ ಕೆಡುತ್ತದೆ, ಬಿಟ್ಟಿದ್ದೇನೆ. ಮಾತಾಡಲು ಯಾರೂ ಇಲ್ಲದವರು ಸರ್ಕಾರದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ.

ಫಿಟ್ಸ್ ನಿಲ್ಲಿಸುವುದಕ್ಕೆ, ಕುಡಿತ ಬಿಡಿಸುವಾಗ, ತಡೆಯಲಾರದ ಆತಂಕದ ಮೊದಲ ದಿನಗಳಲ್ಲಿ ಈ ಮಾತ್ರೆಗಳು ಬೇಕೇ ಬೇಕು. ನನ್ನ ವಾದ ಇಷ್ಟೇ: ಶುರು ಮಾಡುವ ದಿನವೇ ನಿಲ್ಲಿಸುವ ದಿನವನ್ನೂ ಚೀಟಿಯಲ್ಲಿ ಬರೆಯಬೇಕು, ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರಿಗೆ ಇಳಿಯುವ ಮೆಟ್ಟಿಲುಗಳನ್ನು ಬರೆದುಕೊಡಬೇಕು, ಮೆಟ್ಟಿಲಿನ ಎತ್ತರವನ್ನು ರೋಗಿಯ ಮೈ ನಿರ್ಧರಿಸಬೇಕೇ ಹೊರತು ಗೋಡೆಯ ಕ್ಯಾಲೆಂಡರಲ್ಲ.

ಹೋದ ತಿಂಗಳು ನಮ್ಮ ಭಾವ ತೀರಿಕೊಂಡರು. ಹನ್ನೆರಡು ದಿನದಿಂದ ಕಣ್ಣು ಮುಚ್ಚದ ಅಕ್ಕನನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರು ಬರೆದ ಚೀಟಿಯಲ್ಲಿ ನನಗೆ ಚೆನ್ನಾಗಿ ಪರಿಚಯವಿರುವ ಹೆಸರೇ ಇತ್ತು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ, ಬೇಡವೆನ್ನಬೇಕಾಗಿಯೂ ಇರಲಿಲ್ಲ. ‘ಇದನ್ನ ಯಾವತ್ತು ನಿಲ್ಲಿಸಬೇಕು ಡಾಕ್ಟ್ರೇ?’ ಎಂದು ಕೇಳಿದೆ. ಅವರು ತಲೆಯೆತ್ತಿ ಒಂದು ಕ್ಷಣ ನನ್ನನ್ನು ನೋಡಿ, ಚೀಟಿಯನ್ನು ವಾಪಸು ತೆಗೆದುಕೊಂಡು, ಮೂವತ್ತು ಎಂದಿದ್ದದ್ದನ್ನು ಹೊಡೆದು ಹತ್ತು ಎಂದು ಬರೆದರು. ಅದರ ಕೆಳಗೆ ಒಂದು ತಾರೀಖು ಹಾಕಿ, ಎರಡು ಗೆರೆ ಎಳೆದು ಕೊಟ್ಟರು.