ರಿಪೇರಿಯವರ ಬಗ್ಗೆ ಮಾಲೀಕರನ್ನಲ್ಲ, ಬಾಡಿಗೆದಾರರನ್ನು ಕೇಳಿ

ಬೆಳಗಾವಿಯ ವಡಗಾವಿಯಲ್ಲಿ ನಮ್ಮದೊಂದು ಹಳೆಯ ಮನೆಯಿದೆ. ನಾವು ಟಿಳಕವಾಡಿಗೆ ಬಂದ ಮೇಲೆ ಅದನ್ನು ಬಾಡಿಗೆಗೆ ಕೊಡುತ್ತ ಬಂದಿದ್ದೇವೆ. ಯಜಮಾನರು ಇರುವ ತನಕ ಅದರ ರಿಪೇರಿಯನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ನಂತರ ಗೌಂಡಿ, ಪ್ಲಂಬರ್, ಬಣ್ಣದವರು, ಗುತ್ತಿಗೆದಾರರು ಎಲ್ಲರ ಜೊತೆಗೂ ನಾನೇ ಮಾತಾಡಬೇಕಾಯಿತು. ನಂಬಿಗಸ್ತ ಕೆಲಸದವರನ್ನು ಗುರುತಿಸುವ ಬಗ್ಗೆ ಈ ನಾಲ್ಕು ವರ್ಷಗಳಲ್ಲಿ ನಾನು ಕಲಿತದ್ದನ್ನು, ನನ್ನ ಹಾಗೆ ಒಂದೆರಡು ಮನೆ ಬಾಡಿಗೆಗೆ ಕೊಟ್ಟು ಜೀವನ ಸಾಗಿಸುವವರಿಗಾಗಿ ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ಆ ಮನೆಯ ಮಲಗುವ ಕೋಣೆಯ ಗೋಡೆ, ಬಚ್ಚಲಿಗೆ ಹೊಂದಿಕೊಂಡ ಬದಿಯಲ್ಲಿ, ಹಸಿ ಹಿಡಿಯಿತು. ಪರಿಚಯದ ಮನೆ ಮಾಲೀಕರೊಬ್ಬರು ಒಬ್ಬ ಗುತ್ತಿಗೆದಾರರ ಹೆಸರು ಹೇಳಿ, ರೇಟು ಕಡಿಮೆ, ಕೆಲಸ ಬೇಗ ಎಂದು ಶಿಫಾರಸು ಮಾಡಿದರು. ಆತ ಬಾಗಿಲಲ್ಲಿ ನಿಂತೇ ಗೋಡೆ ನೋಡಿದರು. “ಅಕ್ಕಾರ, ಮ್ಯಾಲಿನ ಸ್ಲ್ಯಾಬ್ ಸೋರಾಕತ್ತೈತಿ, ನೀವೇನ್ ಚಿಂತಿ ಮಾಡಬ್ಯಾಡ್ರಿ” ಎಂದು ಇಪ್ಪತ್ತೆಂಟು ಸಾವಿರಕ್ಕೆ ಒಪ್ಪಿಕೊಂಡು, ಇಪ್ಪತ್ತು ಸಾವಿರ ಮುಂಗಡ ತೆಗೆದುಕೊಂಡರು. ಮೇ ತಿಂಗಳ ಕೊನೆಯಲ್ಲಿ ಮಾಳಿಗೆಯ ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿಸಿ, ಒಳಗಿನ ಹಸಿ ಗೋಡೆಗೇ ಪುಟ್ಟಿ ಹಚ್ಚಿಸಿ, ಬಣ್ಣ ಹೊಡೆಸಿ, ಉಳಿದ ಹಣವನ್ನೂ ತೆಗೆದುಕೊಂಡು ಹೋದರು. ಜುಲೈ ಹೊತ್ತಿಗೆ ಬಣ್ಣ ಗುಳ್ಳೆಯೆದ್ದು ಉದುರತೊಡಗಿತು. ಆಮೇಲೆ ಅವರು ನನ್ನ ಫೋನು ಎತ್ತಲಿಲ್ಲ.

ಆಗ ನಮ್ಮ ಬಾಡಿಗೆದಾರಳು, ಚಿಕ್ಕ ಮಕ್ಕಳ ತಾಯಿ, ಹೇಳಿದ ಮಾತು ಇಂದಿಗೂ ಮನಸ್ಸಿನಲ್ಲಿದೆ: “ಕಾಕೂ, ಮಾರ್ಚ್‌ನಾಗ ಒಂದ್ ಹನಿ ಮಳಿ ಇರಲಿಲ್ಲ, ಆಗೂ ಈ ಗ್ವಾಡಿ ಹಸೀನ ಇತ್ತರಿ. ನನ್ನನ್ನ ಯಾರೂ ಕೇಳಲಿಲ್ಲ.” ಹೌದು, ನಾನೂ ಕೇಳಿರಲಿಲ್ಲ. ಮಳೆಯಿಲ್ಲದ ದಿನಗಳಲ್ಲಿ ಗೋಡೆ ಹಸಿಯಿದ್ದರೆ ನೀರು ಮಾಳಿಗೆಯಿಂದ ಬರುತ್ತಿಲ್ಲ, ಪೈಪಿನಿಂದ ಬರುತ್ತಿದೆ ಎಂಬ ಅನುಮಾನ ಯಾರಿಗಾದರೂ ಬರಬೇಕಿತ್ತು. ಆ ಅನುಮಾನಕ್ಕೆ ಬೇಕಾದ ಸಂಗತಿ ಗೊತ್ತಿದ್ದದ್ದು ಆ ಮನೆಯಲ್ಲಿ ದಿನವೂ ಬಾಳುತ್ತಿದ್ದ ಆಕೆಗೆ ಮಾತ್ರ.

ಆಮೇಲೆ ಕೆಲಸ ಮಾಡಿದ ಗೌಂಡಿಯ ಪತ್ತೆ ಕೊಟ್ಟವಳೂ ಆಕೆಯೇ. ಅದೇ ಓಣಿಯಲ್ಲಿ ಬಾಡಿಗೆಗಿರುವ ಇನ್ನೊಂದು ಕುಟುಂಬದವರು, ಆ ಗೌಂಡಿ ಮಾಡಿದ ಕೆಲಸ ಎರಡು ಮಳೆಗಾಲ ಕಳೆದರೂ ಹಾಗೆಯೇ ಇದೆ ಎಂದು ಹೇಳಿದ್ದರಂತೆ. ಗೌಂಡಿ ಬಂದವರೇ ನನ್ನನ್ನು ಬಿಟ್ಟು ಬಾಡಿಗೆದಾರಳ ಕಡೆ ತಿರುಗಿ, “ತಂಗೆವ್ವಾ, ಮಳಿ ಇಲ್ಲದಾಗೂ ಹಸಿ ಇರತೈತೇನು?” ಎಂದು ಕೇಳಿದರು. ನಂತರ ಹಸಿಯಿದ್ದಷ್ಟು ಭಾಗದ ಅಂಚಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದರು. ರಾತ್ರಿ ಟಾಕಿ ತುಂಬಿಸಿ, ಬೆಳಗಿನವರೆಗೆ ಯಾರೂ ನಳ ತಿರುವಬಾರದು ಎಂದರು. ಮರುದಿನ ನೋಡಿದರೆ ಟಾಕಿಯಲ್ಲಿ ನಾಲ್ಕು ಬೆರಳಿನಷ್ಟು ನೀರು ಇಳಿದಿತ್ತು. ಆಮೇಲೆ ಬಚ್ಚಲಿಗೆ ಹೋಗುವ ವಾಲ್ವನ್ನು ಮೂರು ದಿನ ಬಂದ್ ಇಟ್ಟಾಗ, ಮಳೆ ಬೀಳುತ್ತಿದ್ದರೂ ಹಸಿಯ ಅಂಚು ಪೆನ್ಸಿಲ್ ಗೆರೆಯಿಂದ ಎರಡು ಬೆರಳು ಒಳಗೆ ಸರಿದಿತ್ತು. ಗೋಡೆಯೊಳಗಿನ ಹಳೆಯ ಕಬ್ಬಿಣದ ಪೈಪು ತಿರುವಿನಲ್ಲಿ ತುಕ್ಕು ಹಿಡಿದು ತೂತಾಗಿತ್ತು. ಹಣದ ಮಾತು ಅವರು ಎತ್ತಿದ್ದು ಇಷ್ಟೆಲ್ಲ ಆದ ಮೇಲೆ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಗುತ್ತಿಗೆದಾರರ ಬಗ್ಗೆ ವಿಚಾರಿಸುವಾಗ ಮಾಲೀಕರನ್ನು ಕೇಳಿದರೆ ರೇಟು ತಿಳಿಯುತ್ತದೆ. ಕೆಲಸ ತಾಳಿತೋ ಇಲ್ಲವೋ ಎಂಬುದು ಅಲ್ಲಿ ವಾಸವಿರುವವರಿಗೆ ಗೊತ್ತಿರುತ್ತದೆ. ನಮ್ಮ ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗಿಂತ ದೊಡ್ಡ ಪರೀಕ್ಷೆ ಬೇರೆ ಬೇಕಿಲ್ಲ. ಕನಿಷ್ಠ ಒಂದು ಮಳೆಗಾಲ ಕಳೆದ ಕೆಲಸವನ್ನು ತೋರಿಸಿರಿ ಎಂದು ಕೇಳಿ, ಆ ಮನೆಗೆ ಹೋಗಿ, ಬಾಡಿಗೆದಾರರೊಡನೆ ಮಾತಾಡಬೇಕು.

ಬಾಡಿಗೆ ಮನೆಯ ರಿಪೇರಿಯಲ್ಲಿ ನಂಬಿಕೆ ಎಂದರೆ ಸಿಮೆಂಟಿನ ಲೆಕ್ಕ ಮಾತ್ರವಲ್ಲ. ಮನೆಯಲ್ಲಿ ಹೆಂಗಸರು, ಮಕ್ಕಳು ಮಾತ್ರ ಇರುವ ಹೊತ್ತಿಗೆ ಗುರುತಿಲ್ಲದ ಹುಡುಗರನ್ನು ಕಳಿಸುವುದು, ನಾಳೆ ಬರುತ್ತೇನೆಂದು ಹೇಳಿ ಬಾರದೆ ಹೋಗಿ ಅವರ ಒಂದು ದಿನದ ದುಡಿಮೆ ಹಾಳು ಮಾಡುವುದು, ಒಡೆದ ಫರಸಿಯನ್ನೂ ಮಣ್ಣನ್ನೂ ಅಂಗಳದಲ್ಲೇ ಬಿಟ್ಟು ಹೋಗುವುದು, ಇವೆಲ್ಲದರ ಬಿಸಿ ತಟ್ಟುವುದು ಹಣ ಕೊಡುವ ನಮಗಲ್ಲ, ಬಾಡಿಗೆದಾರರಿಗೆ. ಗಿಲಾವು (ಪ್ಲಾಸ್ಟರ್) ಮಾಡಿದ ಮೇಲೆ ಕಡಿಮೆಯೆಂದರೂ ಏಳು ದಿನ ನೀರು ಹೊಡೆಯಬೇಕು. ಅದನ್ನು ಮಾಡುವವರೂ ಅವರೇ. ನಾನು ಆ ತಿಂಗಳ ಬಾಡಿಗೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟೆ, ಅದು ನ್ಯಾಯವೆಂದೇ ನನ್ನ ನಂಬಿಕೆ. ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲೇ ಇದೆ. ಇದನ್ನು ಎಷ್ಟೋ ಮಾಲೀಕರು ತಿಳಿದಿಲ್ಲ.

ಹಣದ ವಿಷಯ. ಮೂವರಿಂದ ರೇಟು ಕೇಳುವುದು ಒಳ್ಳೆಯದೇ, ಆದರೆ ಮೂವರೂ ಒಂದೇ ಕೆಲಸಕ್ಕೆ ರೇಟು ಹೇಳುತ್ತಿದ್ದಾರೆಯೇ ಎಂದು ನೋಡಬೇಕು. ಏನು ಒಡೆಯುತ್ತಾರೆ, ಯಾವ ಪೈಪು ಹಾಕುತ್ತಾರೆ, ಮಣ್ಣು ಯಾರು ಸಾಗಿಸುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಸಾಕು. ಸಾಮಾನುಗಳನ್ನು ನಾನೇ ಅಂಗಡಿಗೆ ಹೋಗಿ ಬಿಲ್ಲಿನೊಂದಿಗೆ ತರುತ್ತೇನೆ. ಸಿಮೆಂಟ್ ಚೀಲದ ಮೇಲಿನ ತಯಾರಿಕೆಯ ವಾರ ನೋಡಿ, ಮೂರು ತಿಂಗಳಿಗಿಂತ ಹಳೆಯದಿದ್ದರೆ ಬೇಡವೆನ್ನುತ್ತೇನೆ. ಮಾಲೀಕರಾದ ನಮ್ಮ ತಪ್ಪೂ ಇದರಲ್ಲಿದೆ: ಚೌಕಾಸಿ ಮಾಡಿ ಕೂಲಿಗೂ ಸಾಲದಷ್ಟಕ್ಕೆ ಇಳಿಸಿದರೆ, ಆ ಕೊರತೆಯನ್ನು ಕೆಲಸದವರು ಸಿಮೆಂಟು ಕಡಿಮೆ ಹಾಕಿ ತುಂಬಿಕೊಳ್ಳುತ್ತಾರೆ.

ಆ ಗೌಂಡಿ ಹೊಸ ಪೈಪು ಹಾಕಿದ ಮೇಲೆ ಗೋಡೆಯನ್ನು ತಕ್ಷಣ ಮುಚ್ಚಲಿಲ್ಲ. ಒಂದು ಇಡೀ ದಿನ ನೀರು ಬಿಟ್ಟು, ಜೋಡಣೆಗಳನ್ನು ಬಾಡಿಗೆದಾರಳಿಗೆ ಕೈಮುಟ್ಟಿ ನೋಡಲು ಹೇಳಿ, ನಂತರವೇ ಗಿಲಾವು ಮಾಡಿದರು. ಬಣ್ಣವನ್ನು ಗೋಡೆ ಪೂರ್ತಿ ಒಣಗಿದ ಮೇಲೆ, ದೀಪಾವಳಿ ಕಳೆದು ಹಚ್ಚಿದರು. ಒಟ್ಟು ಹದಿನೇಳು ಸಾವಿರದಲ್ಲಿ ಎರಡು ಸಾವಿರವನ್ನು ಮುಂದಿನ ಮಳೆಗಾಲದವರೆಗೆ ಇಟ್ಟುಕೊಳ್ಳುತ್ತೇನೆ ಎಂದಾಗ ಅವರು ಬೇಸರಪಡದೆ ಒಪ್ಪಿದರು. ಕಳೆದ ಆಗಸ್ಟಿನಲ್ಲಿ ಬಾಡಿಗೆದಾರಳೇ ಫೋನು ಮಾಡಿ, ಅಲಮಾರಿಯನ್ನು ಮತ್ತೆ ಆ ಗೋಡೆಗೆ ಹಚ್ಚಿ ಇಟ್ಟಿದ್ದೇವೆ, ಮಕ್ಕಳ ಬಟ್ಟೆಗಳಿಗೆ ಬೂಸಲು ಹಿಡಿದಿಲ್ಲ ಎಂದಳು. ಆ ಸಂಜೆಯೇ ಎರಡು ಸಾವಿರವನ್ನು ಗೌಂಡಿಯ ಮನೆಗೆ ಹೋಗಿ ಕೊಟ್ಟು ಬಂದೆ.