ಏಕಲವ್ಯನ ಅಂಟುಬಿಲ್ಲು

ಶಾಲೆಯ ಸ್ನೇಹಸಮ್ಮೇಳನದಲ್ಲಿ ಮಗನಿಗೆ ಏಕಲವ್ಯನ ಪಾತ್ರ ಸಿಕ್ಕಿತು. ಅಂಗಡಿಯ ಪ್ಲಾಸ್ಟಿಕ್ ಬಿಲ್ಲು ಹಿಡಿಸಿದರೆ ಏಕಲವ್ಯನಿಗೆ ಅವಮಾನವೆಂದು ಬಿದಿರು ಸೀಳಿ, ಹೆರೆದು ನಾನೇ ಬಿಲ್ಲು ಮಾಡಿದೆ. ಬಾಗಿತು, ಮುರಿಯಲಿಲ್ಲ. ಅಷ್ಟಕ್ಕೆ ಸುಮ್ಮನಿರದೆ ಮೆರುಗು ಕೊಡಲು ಹೊರಟೆ. ಕಾಡಿನ ಹುಡುಗನಿಗೆ ವಾರ್ನಿಷ್ ಏಕೆಂದು ಕೊಬ್ಬರಿ ಎಣ್ಣೆ ಬಳಿದೆ.

ಧಾರವಾಡದ ಡಿಸೆಂಬರ್. 24 ಡಿಗ್ರಿಗಿಂತ ಕೆಳಗಿಳಿದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಬಾಟಲಿಯಲ್ಲಿ ಕಂಡಿದ್ದೆ, ಬಿಲ್ಲಿನ ಮೇಲೆ ಕಂಡಿರಲಿಲ್ಲ. ಬೆಳಿಗ್ಗೆ ಅದು ವಿಭೂತಿ ಬಳಿದುಕೊಂಡು ಕೂತಿತ್ತು. ಬಿಸಿಲೇರಿದಂತೆ ಕರಗಿ, ಸುಣ್ಣದ ಗೋಡೆಯ ಮೇಲೆ ಇನ್ನೊಂದು ಬಿಲ್ಲು ಬರೆಯಿತು. ಬಾಣದ ಕೋಳಿಗರಿಗೂ ಧಾರಾಳವಾಗಿ ಸವರಿದ್ದೆ. ಅವು ಮಳೆಗೆ ಸಿಕ್ಕ ಹುಂಜದಂತೆ ಮುದುಡಿದ್ದವು.

"ಇದು ತಲೆಗೆ ಹಚ್ಚುವ ಎಣ್ಣೆ. ಹತ್ತು ವರ್ಷವಾದರೂ ಒಣಗುವುದಿಲ್ಲ," ಎಂದರು ಓಣಿಯ ಬಡಿಗೇರ ಅಜ್ಜ. ಅಗಸೆ ಎಣ್ಣೆಯಾದರೆ ಗಾಳಿಯ ಆಮ್ಲಜನಕ ಹೀರಿ ತಾನೇ ಗಟ್ಟಿಯಾಗುತ್ತದೆ; ಕೊಬ್ಬರಿ ಎಣ್ಣೆಗೆ ಆ ವಿದ್ಯೆ ಬರದು. ಹಳೆಯದನ್ನು ಪೂರ್ತಿ ಉಜ್ಜಿ ತೆಗೆಯಬೇಕು, ತೆಳ್ಳಗೆ ಹಚ್ಚಬೇಕು, ಮಿಕ್ಕಿದ್ದನ್ನು ಒರೆಸಬೇಕು, ಕೆಲವು ದಿನ ಬಿಟ್ಟು ಇನ್ನೊಂದು ಕೈ, ಕೊನೆಗೆ ಜೇನುಮೇಣ. ಇಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು "ಅಗಸೆ ಎಣ್ಣೆ" ಮಾತ್ರ. ನಾಟಕಕ್ಕೆ ನಾಲ್ಕೇ ದಿನವಿತ್ತು. ಹಳೆಯ ಬನಿಯನ್ನನ್ನು ಎಣ್ಣೆಯಲ್ಲಿ ಅದ್ದಿ, ಕೊಬ್ಬರಿ ಎಣ್ಣೆಯ ಮೇಲೆಯೇ ದಪ್ಪಗೆ ಬಳಿದು, ಬನಿಯನ್ನನ್ನು ಮುದ್ದೆ ಮಾಡಿ ಮೂಲೆಗೆ ಎಸೆದೆ.

ಸಂಜೆ ಮಗ ಬಂದು, "ಅಪ್ಪಾ, ನಿಮ್ಮ ಬನಿಯನ್ನಿಗೆ ಜ್ವರ ಬಂದಿದೆ," ಎಂದ. ಮುಟ್ಟಿದರೆ ನಿಜಕ್ಕೂ ಸುಡುತ್ತಿತ್ತು. ಅಜ್ಜನಿಗೆ ಫೋನ್ ಮಾಡಿದೆ. "ಮೊದಲು ನೀರಿಗೆ ಹಾಕಿ!" ಎಂದು ಕೂಗಿದರು. ಒಣಗುವಾಗ ಆ ಎಣ್ಣೆ ಬಿಸಿಯಾಗುತ್ತದಂತೆ. ಬಟ್ಟೆ ಮುದ್ದೆಯಾಗಿದ್ದರೆ ಕಾವು ಹೊರಹೋಗದೆ ಬೆಂಕಿಯೇ ಹತ್ತಬಹುದಂತೆ. ಹೆಂಡತಿ ಬಕೆಟ್ ತಂದಿಟ್ಟು, "ಇಷ್ಟು ವರ್ಷ ಅಗಸೆ ಚಟ್ನಿ ಕುಟ್ಟಿದ್ದೇನೆ ರೀ, ಒಮ್ಮೆಯೂ ಅಗ್ನಿಶಾಮಕ ದಳ ನೆನಪಾಗಿರಲಿಲ್ಲ," ಎಂದಳು.

ನಾಟಕದ ದಿನಕ್ಕೂ ಬಿಲ್ಲು ಒಣಗಲಿಲ್ಲ. ದ್ರೋಣಾಚಾರ್ಯರು ಗುರುದಕ್ಷಿಣೆಯಾಗಿ ಹೆಬ್ಬೆರಳು ಕೇಳಿದರು. ಏಕಲವ್ಯ ಕೈ ಚಾಚಿದ. ಜೊತೆಗೆ ಬಿಲ್ಲೂ ಬಂತು. ಕೊಡವಿದ, ಬಿಡಲಿಲ್ಲ. ಎಡಗೈಯಿಂದ ಎಳೆದ, ಅದೂ ಅಂಟಿತು. ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಬಿಲ್ಲು ಬಿಟ್ಟುಕೊಡಲು ಮಗುವಿಗೆ ಮನಸ್ಸೇ ಬರುತ್ತಿಲ್ಲ ನೋಡಿ," ಎಂದರು.